ದಾಸವಾಳದ ಬೇಲಿಗೆ ನಾನು ಮಾಡಿದ ವೈದ್ಯ

ಹಳದಿ ತಿರುಗಿದ ಗಿಡ ಕಂಡರೆ ನನ್ನ ಬೈಕಿನ ಬ್ರೇಕು ತಾನಾಗಿ ಬೀಳುತ್ತದೆ. ಅದು ಯಾರ ಮನೆಯ ಗಿಡ, ಒಳಗೆ ಯಾರಿದ್ದಾರೆ, ನಾಯಿ ಕಟ್ಟಿದ್ದಾರೋ ಬಿಟ್ಟಿದ್ದಾರೋ ಎಂಬ ಯಾವ ವಿಚಾರವೂ ಆ ಹೊತ್ತಿಗೆ ಹೊಳೆಯುವುದಿಲ್ಲ. ಗೇಟಿನ ಸಂದಿಯಲ್ಲಿ ಕೈ ತೂರಿಸಿ ಎಲೆ ಮಗುಚಿ ನೋಡುತ್ತೇನೆ. ಎಲೆಯ ಬೆನ್ನಿನಲ್ಲಿ ಏನಾದರೂ ಕಂಡಿತೋ, ಮುಗಿಯಿತು, ಲಾಟರಿ ಹೊಡೆದಷ್ಟು ಖುಷಿ! ಕರೆಗಂಟೆ ಒತ್ತಿ, ಬಾಗಿಲಿಗೆ ಬಂದವರಿಗೆ ರೋಗದ ಹೆಸರು, ಔಷಧದ ಅಳತೆ, ಹೊಡೆಯುವ ಹೊತ್ತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಅವರು 'ತಾವ್ಯಾರು?' ಎಂದು ಕೇಳುವಷ್ಟರಲ್ಲಿ ಬೈಕು ಹತ್ತಿರುತ್ತೇನೆ. ಶಿರಾದಲ್ಲಿ ಒಬ್ಬರು ನನ್ನನ್ನು ತೋಟಗಾರಿಕೆ ಇಲಾಖೆಯವನೆಂದು ತಿಳಿದು, ತಮ್ಮ ಸಬ್ಸಿಡಿ ಅರ್ಜಿ ಏನಾಯಿತೆಂದು ಜಗಳಕ್ಕೆ ನಿಂತರು. ಕೊರಟಗೆರೆಯಲ್ಲಿ ಒಬ್ಬಾಕೆ ಕಳ್ಳ ಕಳ್ಳ ಎಂದು ಕೂಗಿಕೊಂಡರು. ಅವರು ಕೂಗಿ ಸುಸ್ತಾದ ಮೇಲೆ, ಅವರ ನಿಂಬೆಗಿಡದ ಎಲೆ ಸುರುಳಿಗೆ ಏನು ಮಾಡಬೇಕೆಂದು ಹೇಳಿಯೇ ಬಂದೆ.

ನಾನು ಇಲಾಖೆಯವನಲ್ಲ, ಹೆಚ್ಚು ಓದಿದವನೂ ಅಲ್ಲ. ಮಧುಗಿರಿಯ ಹುಣಸೆಹಣ್ಣಿನ ವ್ಯಾಪಾರಿ. ಏಳನೇ ತರಗತಿಗೆ ಪುಸ್ತಕ ಮಡಿಸಿಟ್ಟು, ಬೇರೆಯವರ ಮಂಡಿಯಲ್ಲಿ ಮೂಟೆ ಹೊಲಿಯುತ್ತ ಶುರು ಮಾಡಿದವನು. ನಮ್ಮ ವ್ಯಾಪಾರದ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹಳ್ಳಿಗಳಲ್ಲಿ ನಾವು ಹುಣಸೆಯನ್ನು ತೂಕಕ್ಕೆ ಕೊಳ್ಳುವುದಿಲ್ಲ, ಮರಕ್ಕೆ ಕೊಳ್ಳುತ್ತೇವೆ. ಕಾಯಿ ಇನ್ನೂ ಕೊಂಬೆಯಲ್ಲಿ ತೂಗುತ್ತಿರುವಾಗಲೇ ಮರದ ಸುತ್ತ ಒಂದು ಸುತ್ತು ಬಂದು, ಕತ್ತೆತ್ತಿ ನೋಡಿ, ಇದು ಇಷ್ಟು ಹಣ್ಣು ಕೊಡುತ್ತದೆ ಎಂದು ಮನಸ್ಸಿನಲ್ಲೇ ತೂಗಿ, ಯಜಮಾನನಿಗೆ ಗುತ್ತಿಗೆಯ ದರ ಹೇಳಬೇಕು. ಕಣ್ಣು ತಪ್ಪಿದರೆ ಆ ವರ್ಷವೇ ತಪ್ಪಿದ ಹಾಗೆ. ಹೀಗೆ ಮೂವತ್ತು ವರ್ಷ ಮರಗಳನ್ನು ದಿಟ್ಟಿಸಿ ದಿಟ್ಟಿಸಿ, ಗಿಡಮರಗಳಿಗೂ ನನಗೂ ನಡುವೆ ಮುಚ್ಚುಮರೆ ಏನೂ ಇಲ್ಲ ಎಂಬ ಜಂಬ ಹತ್ತಿಬಿಟ್ಟಿತು. ಜಂಬ ಹತ್ತಿದವನಿಗೆ ಎರಡು ಕಾಯಿಲೆ ಗ್ಯಾರಂಟಿ: ಕೇಳದಿದ್ದರೂ ಹೇಳುವುದು, ಹೇಳಿದ್ದನ್ನು ಮತ್ತೆ ತಿದ್ದದಿರುವುದು.

ಗಿಡದ ವೈದ್ಯದಲ್ಲಿ ಒಂದು ದೊಡ್ಡ ಅನುಕೂಲ ಇದೆ ನೋಡಿ. ರೋಗಿ ಎದ್ದು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುವುದಿಲ್ಲ. ಕಷ್ಟ ಏನೆಂದರೆ, ರೋಗಿ ಬಾಯಿ ಬಿಡುವುದೂ ಇಲ್ಲ; ಸಾಕಿದವರೋ ಬಾಯಿ ಮುಚ್ಚುವುದಿಲ್ಲ. 'ಯಾರದೋ ಕಣ್ಣು ಬಿದ್ದಿದೆ' ಎನ್ನುತ್ತಾರೆ, 'ಗ್ರಹಣದ ದಿನ ಮುಟ್ಟಿದ್ದೆ' ಎನ್ನುತ್ತಾರೆ. ಪಟ್ಟನಾಯಕನಹಳ್ಳಿ ಕಡೆಯ ಒಬ್ಬ ಸಂಸ್ಕೃತದ ಮೇಷ್ಟ್ರು ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಹಿಂದಿನ ಕಾಲದಲ್ಲಿ ಮರಗಳಿಗೂ ವಾತ, ಪಿತ್ತ, ಕಫ ಲೆಕ್ಕ ಹಾಕಿ ಹಾಲು, ತುಪ್ಪ, ಮೀನು ತೊಳೆದ ನೀರು ಕೊಡುತ್ತಿದ್ದರು ಎಂದು ಹೇಳಿದರು. ನನಗೆ ರೋಮಾಂಚನವಾಯಿತು! ಅಂದಿನಿಂದ ಕೆಲವು ಹುಣಸೆ ಮರಗಳನ್ನು ಕಂಡರೆ, ಇದು ಖಂಡಿತ ಪಿತ್ತ ಪ್ರಕೃತಿಯದು ಎಂದು ಅನಿಸುತ್ತದೆ. ಅವುಗಳ ಯಜಮಾನರ ವಿಷಯದಲ್ಲಂತೂ ಸಂಶಯವೇ ಇಲ್ಲ.

ಆದರೆ ಪಾಂಡಿತ್ಯ ಪಕ್ಕಕ್ಕಿಡಿ, ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಹೂವಿನ ಗಿಡ ಸೊರಗಿದರೆ ಮೊದಲು ಮೇಲಿನ ಎಲೆ ನೋಡಬೇಡಿ, ಕಾಂಡ ನೋಡಿ. ಇರುವೆ ಸಾಲು ಹತ್ತಿ ಇಳಿಯುತ್ತಿದ್ದರೆ ಮೇಲೆ ಯಾರೋ ಹಾಲು ಕರೆಯುತ್ತಿದ್ದಾರೆ ಎಂದು ಅರ್ಥ. ರಸ ಹೀರುವ ಹುಳ ಸಿಹಿ ಸೋರಿಸುತ್ತದೆ, ಇರುವೆ ಅದನ್ನು ಹಸುವಿನಂತೆ ಸಾಕುತ್ತದೆ. ಆಮೇಲೆ ಎಲೆ ಮಗುಚಿ. ಅದಾದ ಮೇಲೆ ಒಣಗಿದಂತೆ ಕಾಣುವ ರೆಂಬೆಯ ತೊಗಟೆಯನ್ನು ಉಗುರಿನಿಂದ ಒಂದಿಷ್ಟು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ, ಕಂದಾಗಿದ್ದರೆ ಕತ್ತರಿ ತನ್ನಿ. ಈ ಮೂರಕ್ಕೆ ಕಾಸು ಖರ್ಚಿಲ್ಲ. ಖರ್ಚಿಲ್ಲದ ಪರೀಕ್ಷೆ ಮುಗಿಸದೆ ಔಷಧದ ಅಂಗಡಿ ಮೆಟ್ಟಿಲು ಹತ್ತುವವರನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಇಷ್ಟೆಲ್ಲ ಬಲ್ಲ ನಾನು, ಕಳೆದ ಹುಣಸೆ ಸುಗ್ಗಿಯಲ್ಲಿ ಇಪ್ಪತ್ತಾರು ದಾಸವಾಳಗಳನ್ನು ಕೊಲ್ಲುವುದರಲ್ಲಿದ್ದೆ. ಅದನ್ನು ಹೇಳಿಕೊಳ್ಳಲೆಂದೇ ಇಷ್ಟು ಪೀಠಿಕೆ.

ಪಾವಗಡ ದಾಟಿ, ವೈ.ಎನ್. ಹೊಸಕೋಟೆಯಿಂದ ಆಚೆ ಒಂದು ಊರು. ಹೆಸರು ಬೇಡ, ಅಲ್ಲಿ ಈ ವರ್ಷವೂ ನಾಲ್ಕು ಮರ ಗುತ್ತಿಗೆ ಹಿಡಿಯುವ ಆಸೆ ಇದೆ. ಆ ಊರಿನ ಅಂಗನವಾಡಿಯ ಮುಂದೆ ಬೇವಿನ ಮರ, ಮರದ ಕೆಳಗೆ ಕಲ್ಲು ಬೆಂಚು. ಸುಗ್ಗಿಯಲ್ಲಿ ವಾರಕ್ಕೊಮ್ಮೆ ಹೋದಾಗ ನನ್ನ ಬುತ್ತಿ ಬಿಚ್ಚುವುದು ಅಲ್ಲೇ. ಅಂಗನವಾಡಿಯ ಟೀಚರ್ ನರಸಮ್ಮ. ಅವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು; ಸಿಟ್ಟು ಬಂದರೆ ಪೂರ್ತಿ ತೆಲುಗು. ಅವರು ಒಂದು ಪದ್ಧತಿ ಮಾಡಿದ್ದಾರೆ. ಹೊಸದಾಗಿ ಮಗು ಸೇರಿದರೆ ತಾಯಿ ತನ್ನ ಮನೆಯಿಂದ ಒಂದು ದಾಸವಾಳದ ಕಡ್ಡಿ ತರಬೇಕು. ಮಗುವಿನ ಕೈಯಿಂದಲೇ ಅದನ್ನು ಕಟ್ಟಡದ ಮುಂದೆ ಸಾಲಿನಲ್ಲಿ ನೆಡಿಸುತ್ತಾರೆ. ಹೀಗಾಗಿ ಆ ಬೇಲಿಯಲ್ಲಿ ಕೆಂಪು, ಬಿಳಿ, ಹಳದಿ, ಎಸಳು ಕಿಕ್ಕಿರಿದ ಮುದ್ದೆ ಹೂ ಎಲ್ಲ ಬಗೆಯೂ ಇದೆ. ಬೇರು ಹಿಡಿಯದವು, ಮೇಕೆ ತಿಂದವು ಕಳೆದು ಉಳಿದದ್ದು ಇಪ್ಪತ್ತಾರು. ಗಿಡಕ್ಕೆ ನೆಟ್ಟ ಮಗುವಿನ ಹೆಸರೇ ಹೆಸರು. 'ಲಕ್ಷ್ಮಿ ಮೊಗ್ಗು ಬಿಟ್ಟವ್ಳೆ, ಫಯಾಜ್‌ಗೆ ಮೇಕೆ ಬಾಯಿ ಹಾಕೈತೆ' ಎಂದು ನರಸಮ್ಮ ಹೇಳುವಾಗ ಹೊಸಬರು ಗಾಬರಿಯಾಗುತ್ತಾರೆ. ಲಕ್ಷ್ಮಿ ಈಗ ಹೈಸ್ಕೂಲಿಗೆ ಹೋಗುವ ಹುಡುಗಿ. ಇವತ್ತಿಗೂ ಸ್ಕೂಲು ಬಿಟ್ಟು ಬರುವಾಗ ತನ್ನ ಗಿಡದಿಂದ ಒಂದು ಹೂ ಕಿತ್ತು ಜಡೆಗೆ ಸಿಕ್ಕಿಸಿಕೊಂಡೇ ಹೋಗುತ್ತಾಳೆ.

ಬೇಲಿಯ ಎದುರಿಗೆ, ರಸ್ತೆಯ ಆಚೆ, ಶುದ್ಧ ಕುಡಿಯುವ ನೀರಿನ ಘಟಕ. ಊರವರ ಬಾಯಲ್ಲಿ ಫಿಲ್ಟರ್ ಮನೆ. ಆ ಕಡೆಯ ಬೋರ್‌ವೆಲ್ ನೀರು ಗೊತ್ತಲ್ಲ, ಸೋಪು ಉಜ್ಜಿ ಉಜ್ಜಿ ಕೈ ಸವೆದರೂ ನೊರೆ ಬರುವುದಿಲ್ಲ. ಯಂತ್ರ ಆ ನೀರನ್ನು ಸೋಸಿ ಒಳ್ಳೆಯದನ್ನು ಒಂದು ಕಡೆ ಕೊಡುತ್ತದೆ, ಬೇಡದ್ದನ್ನು ಇನ್ನೊಂದು ಕೊಳವೆಯಿಂದ ಚರಂಡಿಗೆ ಬಿಡುತ್ತದೆ. ಅದಕ್ಕೂ ಹಿಂದಿನ ವರ್ಷದ ಸುಗ್ಗಿಯಲ್ಲಿ, ಬೇವಿನ ಮರದ ಕೆಳಗೆ ಮುದ್ದೆ ಮುರಿಯುತ್ತ ಕೂತಿದ್ದಾಗ, ಆ ನೀರು ದಿನವಿಡೀ ಚರಂಡಿ ಸೇರುತ್ತಿರುವುದು ಕಂಡಿತು. ನನ್ನ ಕರುಳು ಚುರ್ ಎಂದಿತು! ಬಿದ್ದ ಹುಣಸೆ ಬೀಜವನ್ನೂ ಮಾರುವ ಜಾತಿಯವರು ನಾವು. ತಕ್ಷಣ ಎದ್ದು, ಫಿಲ್ಟರ್ ಮನೆಯ ಮಾರಣ್ಣನೊಂದಿಗೆ ಮಾತಾಡಿ, ಹಳೆಯ ಕಪ್ಪು ಪೈಪು ಹುಡುಕಿ, ಮೋರಿಯ ಕೆಳಗೆ ತೂರಿಸಿ, ಆ ನೀರನ್ನು ದಾಸವಾಳದ ಸಾಲಿಗೆ ತಿರುಗಿಸಿದೆ.

"ಈ ನೀರು ಆಯ್ತದಾ ಅಣ್ಣಾ ಗಿಡಕ್ಕೆ?" ಎಂದು ನರಸಮ್ಮ ಕೇಳಿದರು.

"ನೀರು ಅಂದ್ರೆ ನೀರೇ ಕಣಮ್ಮ. ಗಿಡಕ್ಕೇನು ಫಿಲ್ಟರ್ ನೀರೇ ಬೇಕಾ?" ಎಂದೆ. ಸುತ್ತ ನಿಂತ ನಾಲ್ಕು ಜನ ನಕ್ಕರು. ನಕ್ಕರೆ ಸಾಕು, ನನಗೆ ಒಪ್ಪಿದರು ಎಂದೇ ಲೆಕ್ಕ.

ಆ ವರ್ಷ ಒಳ್ಳೆಯ ಮಳೆ ಬಂತು, ಗಿಡಗಳು ಸೊಂಪಾಗಿದ್ದವು. ಅದೂ ನನ್ನ ಪೈಪಿನ ಮಹಿಮೆ ಎಂದು ನಾಲ್ಕು ತಾಲ್ಲೂಕಿನಲ್ಲಿ ಹೇಳಿಕೊಂಡು ಬಂದೆ. ಮಳೆ ನಿಂತು, ಚಳಿ ಕಳೆದು, ಮತ್ತೆ ಸುಗ್ಗಿಗೆ ಹೋದಾಗ ಬೇಲಿಯ ಮುಖವೇ ಬೇರೆಯಾಗಿತ್ತು. ಎಲೆ ಸಣ್ಣಗಾಗಿ, ಮೊಗ್ಗು ಅರಳುವ ಮೊದಲೇ ಉದುರಿ, ತುದಿಗಳು ಮುದುಡಿದ್ದವು.

"ಅಣ್ಣಾ, ಮಕ್ಳು ಮಂಕಾಗವ್ರೆ ನೋಡ್ರಣ್ಣಾ" ಎಂದರು ನರಸಮ್ಮ.

ನನಗೋ ಸಂಭ್ರಮ! ಇರುವೆ ಸಾಲು ಕಂಡಿತು, ಎಲೆ ಮಗುಚಿದೆ, ತುದಿಯ ಮಡಿಕೆಯಲ್ಲಿ ಬಿಳಿ ಹಿಟ್ಟು ಉದುರಿಸಿದ ಹಾಗೆ ಹಿಟ್ಟು ತಿಗಣೆ. ದಾಸವಾಳಕ್ಕೆ ಇದು ನಮಗೆ ನೆಗಡಿ ಇದ್ದ ಹಾಗೆ. ಮುದುಡಿದ ತುದಿಗಳನ್ನು ಕತ್ತರಿಸಿ ಸುಡಿಸಿದೆ. ಉಳಿದ ಗಿಡಕ್ಕೆ ಜೋರಾಗಿ ನೀರು ಚಿಮ್ಮಿಸಿ ಹುಳ ಉದುರಿಸಿ, ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಯ ಬೆನ್ನಿಗೆ ಬೀಳುವಂತೆ ಹೊಡೆಸಿದೆ. ಮುಂದಿನ ವಾರ ಹೋದರೆ ಹುಳ ಮಾಯ! ಬೀಗುತ್ತ ಬೆಂಚಿನ ಮೇಲೆ ಕೂತೆ. ಆದರೆ ಗಿಡ ಮಾತ್ರ ಬೀಗಲಿಲ್ಲ. ಎಲೆಗಳ ಅಂಚು ಸುಟ್ಟ ಹಪ್ಪಳದ ಅಂಚಿನಂತೆ ಕಂದಾಗಿ, ಒಳಗೊಳಗೆ ಹಬ್ಬುತ್ತಿತ್ತು.

ಅಂದು ಮಧುಗಿರಿಗೆ ಬಂದವನು ಫೋನಿನಲ್ಲಿ ಹುಡುಕಿದೆ. ಪರದೇಶದ ಮಾತಿಗೆ ಕೆಳಗೆ ಕನ್ನಡ ಅಕ್ಷರ ಬರುವ ಹಾಗೆ ಮಗಳು ಹೊಂದಿಸಿ ಕೊಟ್ಟಿದ್ದಾಳೆ. ಒಂದು ವಿಡಿಯೋದಲ್ಲಿ ಒಬ್ಬ ಬಿಳಿಕೂದಲಿನ ಹೆಂಗಸು ವೈಬರ್ನಮ್ ಎಂಬ ಪೊದೆಯ ಮುಂದೆ ನಿಂತಿದ್ದಳು. ಬಿಳಿ ಹೂವಿನ ಗೊಂಚಲು, ದುಂಡು ಎಲೆ, ನಮ್ಮ ಕಡೆ ನಾನು ಕಂಡ ಗಿಡವಲ್ಲ. ಆದರೆ ಏನಾಶ್ಚರ್ಯ, ಅದಕ್ಕೂ ಇರುವೆ, ಅದಕ್ಕೂ ರಸ ಹೀರುವ ಹುಳ, ಅದಕ್ಕೂ ಎಲೆಚುಕ್ಕೆ, ಅದಕ್ಕೂ ಬೂದಿ ರೋಗ! ಗಾಳಿಯಾಡುವಂತೆ ಸವರಿ, ಎಲೆಯ ಮೇಲೆ ನೀರು ಹೊಯ್ಯಬೇಡಿ, ಬುಡಕ್ಕೆ ಹಾಕಿ, ಉದುರಿದ ಎಲೆ ಗುಡಿಸಿ ಎಂದಳು. ನಾನು ಪ್ರತಿ ಮಾತಿಗೂ ಸೈ ಸೈ ಎಂದೆ. ಸಮುದ್ರದ ಆಚೆ ನನ್ನದೇ ತಂಗಿ ಒಬ್ಬಳಿದ್ದಾಳೆ ಎನಿಸಿತು. ಆಮೇಲೆ ಆಕೆ ಅಂಚು ಸುಟ್ಟ ಒಂದು ಎಲೆ ತೋರಿಸಿ, ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ, ಅದು ಬುಡಕ್ಕೆ ಇಳಿದರೆ ಹೀಗಾಗುತ್ತದೆ ಎಂದಳು. ನನಗೆ ನಗು ಬಂತು. ಪಾವಗಡದಲ್ಲಿ ಹಿಮವೆಲ್ಲಿ, ರಸ್ತೆಗೆ ಉಪ್ಪು ಎರಚುವ ಪುಣ್ಯಾತ್ಮನೆಲ್ಲಿ! ಬೆರಳು ಒತ್ತಿ ಮುಂದಕ್ಕೆ ಓಡಿಸಿದೆ.

ಅಂಚು ಸುಟ್ಟಿದೆ ಎಂದರೆ ಬಾಯಾರಿಕೆ. ಬಿಸಿಲು ಏರುತ್ತಿದೆ, ಗಿಡ ಹೀರುವಷ್ಟು ನೀರು ಸಿಗುತ್ತಿಲ್ಲ. ಇದು ನನ್ನ ನಿರ್ಣಯ. ಮುಂದಿನ ವಾರ ಹೋದವನೇ ಮಾರಣ್ಣನಿಗೆ ಹೇಳಿ ಪೈಪಿನ ಬಾಯಿ ಪೂರ್ತಿ ಬಿಡಿಸಿದೆ. "ಬೆಳಗ್ಗೆ ಸಂಜೆ ಎರಡು ಹೊತ್ತೂ ಹರೀಲಿ. ಕುಡೀಲಿ, ಹೊಟ್ಟೆ ತುಂಬಾ ಕುಡೀಲಿ!"

ಕುಡಿದವು. ಇನ್ನೊಂದು ವಾರ ಕಳೆದು ಹೋದಾಗ, ಇಪ್ಪತ್ತಾರು ಗಿಡಗಳಲ್ಲಿ ಹೆಚ್ಚಿನವು ಎಲೆ ಉದುರಿಸಿ ಬರೀ ಕಡ್ಡಿಗಳಾಗಿ ನಿಂತಿದ್ದವು. ಬೇಲಿಯ ಮುಂದೆ ಪಂಚಾಯ್ತಿ ಮೆಂಬರ್ ಓಬಳೇಶಪ್ಪ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಅವರ ಎದುರು ನರಸಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

"ಟೀಚರಮ್ಮ, ನಾನೇನು ನಿಮ್ ಗಿಡಕ್ಕೆ ಶತ್ರುನಾ? ಈ ಒಣ ಪುಳ್ಳೆ ಒಳ್ಗೆ ಹಾವು ಸೇರ್ಕಂಡ್ರೆ ಮಕ್ಳ ಗತಿ ಏನು? ಯುಗಾದಿ ಕಳೆದ್ಮೇಲೆ ಚರಂಡಿ ಕೆಲ್ಸಕ್ಕೆ ಜೆಸಿಬಿ ಬತ್ತೈತೆ. ಅದೇ ಕೈಯಾಗೆ ಇವನ್ನೂ ಕಿತ್ತಾಕ್ಸಿ ಗೋಡೆ ಏಳಿಸ್ಬುಡ್ತೀನಿ."

"ಹಸ್ರಾದ್ರೆ?"

"ಹಸ್ರಾದ್ರೆ ನಾನ್ಯಾಕೆ ಕೀಳಲಿ? ಆಗಲ್ಲ ಬುಡಿ, ಸತ್ತೋಗವೆ."

ಮೆಂಬರ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ತೊಂದರೆ. ಅವರು ಹೋದ ಮೇಲೆ ನರಸಮ್ಮ ನನ್ನ ಕಡೆ ತಿರುಗಿದರು. "ಅಣ್ಣಾ, ಹದಿನೆಂಟ್ ವರ್ಷದ್ ಬೇಲಿ. ಈ ಕೆಲ್ಸಕ್ಕೆ ಸೇರ್ದಾಗ ನನ್ ಮಗಳ ಕೈಯಲ್ಲೇ ಮೊದಲ ಕಡ್ಡಿ ನೆಡಿಸಿದ್ದು. ಏನಾರ ಮಾಡ್ರಣ್ಣಾ, ನೀವೇ ಬಲ್ಲೋರು."

ನೀವೇ ಬಲ್ಲೋರು! ಆ ಮಾತು ಕೇಳಲೆಂದೇ ಬದುಕುವ ನನಗೆ ಅಂದು ಅದು ರುಚಿಸಲಿಲ್ಲ. ಕುಕ್ಕರಗಾಲಲ್ಲಿ ಕೂತು ಬುಡಗಳನ್ನು ಒಂದೊಂದಾಗಿ ನೋಡಿದೆ. ಮಣ್ಣಿನ ಮೇಲೆ ತೆಳುವಾಗಿ ಬಿಳಿ ಪೊರೆ ಕಟ್ಟಿತ್ತು. ಬೂಷ್ಟು ಇರಬೇಕು, ಶಿಲೀಂಧ್ರನಾಶಕ ಪುಡಿ ತಂದು ಹಾಕಿದರಾಯಿತು ಎಂದು ಒಂದು ಚೂರು ಎಬ್ಬಿಸಿ ಮೂಸಿದೆ. ಬೂಷ್ಟಿನ ವಾಸನೆ ಇಲ್ಲ. ನಮ್ಮ ವ್ಯಾಪಾರದವರಿಗೆ ಒಂದು ಕೆಟ್ಟ ಅಭ್ಯಾಸ ಇದೆ, ಅನುಮಾನ ಬಂದದ್ದನ್ನೆಲ್ಲ ನಾಲಿಗೆಗೆ ಇಡುವುದು. ತೂಕ ಹೆಚ್ಚಿಸಲು ಹಣ್ಣಿಗೆ ಉಪ್ಪು ಬೆರೆಸಿದವರನ್ನು ನಾನು ಹಿಡಿಯುವುದೇ ಹೀಗೆ. ಬೆರಳ ತುದಿಯ ಪೊರೆಯನ್ನು ನಾಲಿಗೆಗೆ ಮುಟ್ಟಿಸಿದೆ.

ಉಪ್ಪು.

ಹಿಮವಿಲ್ಲದ ಊರಿನಲ್ಲಿ ಉಪ್ಪು ಎರಚಿದ ಪುಣ್ಯಾತ್ಮ ಯಾರು ಎಂದು ತಿಳಿಯಿತು. ಬೋರ್‌ವೆಲ್ಲಿನ ನೀರಿನಲ್ಲಿ ಮೊದಲೇ ಉಪ್ಪು. ಯಂತ್ರ ಅದರಿಂದ ಸಿಹಿನೀರನ್ನು ತೆಗೆದಿಟ್ಟುಕೊಂಡು, ಉಪ್ಪನ್ನೆಲ್ಲ ಮಿಕ್ಕ ನೀರಿಗೆ ತುಂಬಿ ಹೊರಗೆ ಕಳಿಸುತ್ತದೆ. ಆ ನೀರನ್ನು ವರ್ಷವಿಡೀ ಇಪ್ಪತ್ತಾರು ಮಕ್ಕಳ ಬಾಯಿಗೆ ಬಿಟ್ಟವನು ನಾನು. ಬಾಯಾರಿದವು ಎಂದು ಮತ್ತಷ್ಟು ಬಿಟ್ಟವನೂ ನಾನೇ. ಮೊದಲ ವರ್ಷ ಮಳೆ ಆ ಉಪ್ಪನ್ನು ತೊಳೆದಿತ್ತು, ಹೆಸರು ನಾನು ತೆಗೆದುಕೊಂಡಿದ್ದೆ.

ಎದ್ದು ಪೈಪನ್ನು ಬುಡದಿಂದ ಕಿತ್ತೆ. "ಯಾಕಣ್ಣಾ?" ಎಂದರು ನರಸಮ್ಮ. "ಸ್ವಲ್ಪ ಆರಲಿ ಅಂತ" ಎಂದು ಸುಳ್ಳು ಹೇಳಿ, ಬುತ್ತಿಯನ್ನೂ ಬಿಚ್ಚದೆ ಬೈಕು ಹತ್ತಿದೆ.

ಮನೆಗೆ ಬಂದರೆ ನಮ್ಮ ಹಿತ್ತಲಿನ ದಾಸವಾಳ ಮೈತುಂಬ ಹೂ ಬಿಟ್ಟು ನಿಂತಿದೆ! ನಮ್ಮ ಮನೆಯಲ್ಲೂ ಒಂದು ಫಿಲ್ಟರ್ ಇದೆ. ಅದರ ಮಿಕ್ಕ ನೀರನ್ನು ಗಿಡಕ್ಕೆ ಹಾಕಬೇಕೆಂದು ಹೆಂಡತಿ ಗಿರಿಜಮ್ಮನಿಗೂ ಅಪ್ಪಣೆ ಮಾಡಿದ್ದೆ. "ಇದು ಹೆಂಗೆ ಚೆನ್ನಾಗಿದೆ?" ಎಂದು ಕೇಳಿದೆ.

"ಆ ನೀರಲ್ಲಿ ನೆಲ ಒರೆಸ್ತೀನಿ. ನೀವು ಹೇಳಿದ್ದನ್ನ ನಾನು ಯಾವತ್ತು ಮಾಡಿದೀನಿ?" ಎಂದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮಾತು ಕೇಳಿ ಸಂತೋಷವಾಗಿದ್ದು ಅದೇ ಮೊದಲು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತ ತಲೆಯೆತ್ತದೆ ಕೇಳಿ, "ರೀ, ಟೀಚರಮ್ಮಂಗೆ ಹೇಳಿದ್ರಾ?" ಎಂದಳು.

"ಗಿಡ ಉಳಿದ ಮೇಲೆ ಹೇಳಿದ್ರೆ ಆಗಲ್ವಾ?"

"ಉಳಿದ್ಮೇಲೆ ನೀವು ಅದನ್ನ ಹೇಳಲ್ಲ. ಉಳಿಸಿದ್ದನ್ನ ಮಾತ್ರ ಹೇಳ್ತೀರಿ."

ಮರದ ಕೆಳಗೆ ನಿಂತು ಫಸಲು ಅಂದಾಜು ಮಾಡುವವನನ್ನು ಇವಳು ಒಲೆಯ ಮುಂದೆ ಕೂತೇ ಅಂದಾಜು ಮಾಡಿಬಿಡುತ್ತಾಳೆ. ಮರುದಿನ ಬೆಳಗಾಗುತ್ತಲೇ ಹೊರಟೆ. ದಾರಿಯಲ್ಲಿ ಎಷ್ಟೋ ಹಳದಿ ಗಿಡಗಳು ಕಂಡವು, ಬ್ರೇಕು ಬೀಳಲಿಲ್ಲ.

ನರಸಮ್ಮ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ. ಚೌಕಾಸಿ ಮಾಡುವವನಿಗೆ ಮಾತು ಸುತ್ತಿ ಹೇಳುವ ಅಭ್ಯಾಸ. ನೀರಿನ ಗುಣ, ನೆಲದ ಗುಣ, ಕಾಲದ ಗುಣ ಎಂದು ಎರಡು ಸುತ್ತು ಹಾಕಿ, ಕೊನೆಗೆ ದಾರಿ ಸಿಗದೆ, "ಗಿಡಕ್ಕೆ ಯಾವ ರೋಗಾನೂ ಇಲ್ಲಮ್ಮ, ಉಪ್ಪುನೀರು ಕುಡಿಸಿ ಒಣಗಿಸಿದ್ದು ನಾನೇ" ಎಂದೆ.

ಅವರ ಕೈಯಲ್ಲಿದ್ದ ಸೌಟು ನಿಂತಿತು. "ಎಂತ ಪನಿ ಚೇಸ್ತಿವಣ್ಣಾ!" ಎಂಥ ಕೆಲಸ ಮಾಡಿದೆ ಎಂಬ ಆ ಮಾತಿನಲ್ಲಿ ಕನ್ನಡವೂ ಹೋಗಿತ್ತು, ಬಹುವಚನವೂ ಹೋಗಿತ್ತು. ಆಮೇಲೆ ಬಂದದ್ದೆಲ್ಲ ತೆಲುಗೇ. ನನಗೆ ಅರ್ಧ ತಿಳಿಯಿತು, ಆ ಅರ್ಧವೇ ಸಾಕಾಗಿತ್ತು. ಮಕ್ಕಳು ಉಪ್ಪಿಟ್ಟು ಬಿಟ್ಟು ನನ್ನನ್ನೇ ನೋಡುತ್ತಿದ್ದವು. ಬೈದು ಮುಗಿದ ಮೇಲೆ ಕಣ್ಣೊರೆಸಿಕೊಂಡು ಕನ್ನಡಕ್ಕೆ ಬಂದರು: "ಈಗೇನು ಮಾಡ್ಬೇಕು, ಅದನ್ನ ಹೇಳು."

ಮಾಡಬೇಕಾದದ್ದು ಕೇಳಿದರೆ ನೀವು ನಗುತ್ತೀರಿ. ಉಪ್ಪು ಹಿಡಿದ ಬುಡಕ್ಕೆ ಗೊಬ್ಬರವಲ್ಲ ಮದ್ದು, ಸಿಹಿನೀರೇ ಮದ್ದು. ಮೇಲಿನ ಪೊರೆಯನ್ನು ಸಲಿಕೆಯಲ್ಲಿ ಕೆರೆದು ದೂರ ಎಸೆಯಬೇಕು. ಬುಡದ ಮಣ್ಣು ಸಡಿಲಿಸಿ, ನೀರು ನಿಲ್ಲದೆ ಆಚೆ ಹರಿಯಲು ಕಾಲುವೆ ತೆಗೆಯಬೇಕು. ಆಮೇಲೆ ಒಳ್ಳೆಯ ನೀರನ್ನು ನಿಧಾನವಾಗಿ, ಧಾರಾಳವಾಗಿ, ಬಿಟ್ಟು ಬಿಟ್ಟು ಹಾಯಿಸಿದರೆ ಉಪ್ಪು ಕರಗಿ ಬೇರಿನ ಕೆಳಕ್ಕೆ ಇಳಿಯುತ್ತದೆ. ಆ ಬೇಸಿಗೆಯಲ್ಲಿ ಆ ಊರಿನಲ್ಲಿ ಸಿಹಿನೀರು ಎಲ್ಲಿದೆ? ಫಿಲ್ಟರ್ ಮನೆಯಲ್ಲಿ! ಗಿಡಕ್ಕೇನು ಫಿಲ್ಟರ್ ನೀರೇ ಬೇಕಾ ಎಂದು ನಾಲ್ಕು ಜನರನ್ನು ನಗಿಸಿದವನು, ಈಗ ಅದೇ ನಾಲ್ಕು ಜನರ ಮುಂದೆ ಗಿಡಕ್ಕೆ ಫಿಲ್ಟರ್ ನೀರು ಕೇಳಬೇಕು.

ಜನ ಕುಡಿಯುವ ನೀರನ್ನು ಬೇಲಿಗೆ ಸುರಿಯುವುದು ನ್ಯಾಯವಲ್ಲ. ಆದರೆ ಮಾರಣ್ಣ ತಿಂಗಳಿಗೊಮ್ಮೆ ಒಳ್ಳೆಯ ನೀರಿನ ಸ್ಟೀಲ್ ಟ್ಯಾಂಕು ತೊಳೆಯುವ ಮುನ್ನ, ತಳದಲ್ಲಿ ಉಳಿದ ನೀರನ್ನು ಚರಂಡಿಗೆ ಬಿಡುವುದನ್ನು ನೋಡಿದ್ದೆ. ಹೋಗಿ ಕೇಳಿದೆ: ಯುಗಾದಿಯವರೆಗೆ ತಿಂಗಳಿಗೊಮ್ಮೆ ಬೇಡ, ವಾರಕ್ಕೊಮ್ಮೆ ತೊಳಿ; ಆ ನೀರು ಬೇಲಿಗೆ ಬರಲಿ.

"ವಾರವಾರ ಟ್ಯಾಂಕಿಗೆ ಇಳಿಯಕ್ಕೆ ನಂಗೇನು ಹುಚ್ಚಾ ಸಾವ್ಕಾರ್ರೇ?"

"ಊರ ಜನ ಶುದ್ಧ ನೀರು ಕುಡೀತಾರೆ ಕಣ್ಲಾ. ನಿಂಗೇ ಒಳ್ಳೆ ಹೆಸ್ರು."

"ಹೆಸ್ರು ಬೇಡ. ಹುಣಸೆಹಣ್ಣು ಕೊಡಿ. ಒಂದು ಬುಟ್ಟಿ."

"ಅರ್ಧ ಬುಟ್ಟಿ."

"ಬೀಜ ತೆಗೆದಿದ್ದು."

"ಲೇ, ಅರ್ಧ ಬುಟ್ಟಿ ಅಂದೆ!"

"ನಾರೂ ತೆಗೆದಿರ್ಬೇಕು" ಎಂದು ಮಾರಣ್ಣ ಬೇಲಿಯ ಕಡೆ ಕಣ್ಣು ಹಾಯಿಸಿದ. "ಟೈಮ್ ಯಾರಿಗೆ ಕಮ್ಮಿ ಐತೆ, ನಂಗಾ, ನಿಮಗಾ?"

ಒಂದು ಬುಟ್ಟಿ, ಬೀಜ ತೆಗೆದು, ನಾರು ತೆಗೆದು, ಮನೆಗೆ ತಲುಪಿಸಿ ಕೊಟ್ಟೆ. ಬೇರೆಯವರ ಗಿಡ ಉಳಿಯಬೇಕೆಂದು ಮೈಯೆಲ್ಲ ತವಕಿಸುತ್ತಿರುವಾಗ ಚೌಕಾಸಿ ಮಾಡಬಾರದು; ಎದುರಿನವನಿಗೆ ಅದು ಮುಖದಲ್ಲೇ ಕಾಣುತ್ತದೆ.

ಮೂರು ವಾರ, ಮೂರು ಟ್ಯಾಂಕು. ಪೊರೆ ಕೆರೆದದ್ದು ನಾನು, ಕಾಲುವೆ ತೆಗೆದದ್ದು ನಾನು ಮತ್ತು ನರಸಮ್ಮನ ಗಂಡ. ನಡುವೆ ತಾಯಂದಿರು ಮಗುವನ್ನು ಕರೆದೊಯ್ಯಲು ಬಂದಾಗ ತಮ್ಮ ಫಿಲ್ಟರ್ ನೀರಿನ ಕ್ಯಾನಿನಿಂದ ಒಂದೊಂದು ಚೊಂಬು ಆಯಾ ಗಿಡಕ್ಕೆ ಹಾಕಿ ಹೋಗುತ್ತಿದ್ದರು. ದಾರಿಯಲ್ಲಿ ಹೋಗುವವರಿಗೆ ನಾನೇ ತಮಾಷೆ. "ಸಾವ್ಕಾರ್ರೇ, ನೀರು ಕುಡಿಸಿದ್ರಿ ಸರಿ, ಟೀ ಯಾವಾಗ?" ಎಂದು ಒಬ್ಬ. ನಾನು ಸಲಿಕೆ ಬಿಡಲಿಲ್ಲ. ಮೊದಲ ವಾರ ಏನೂ ಇಲ್ಲ. ಎರಡನೇ ವಾರವೂ ಇಲ್ಲ. ರಾಗಿ ಕಾಳಿನಷ್ಟು ಹಸಿರಾದರೂ ಕಂಡೀತೆಂದು ಕನ್ನಡಕ ಒರೆಸಿ ಒರೆಸಿ ಗೆಣ್ಣುಗಳನ್ನು ನೋಡಿದೆ. ಈ ನಡುವೆ, ನನ್ನ ಪೈಪಿನ ಉಪದೇಶ ಕೇಳಿದ ಶಿರಾ, ಮಧುಗಿರಿ, ಕೊರಟಗೆರೆಯ ಎಲ್ಲರಿಗೂ ಫೋನು ಮಾಡಿ, ಆ ನೀರು ಗಿಡಕ್ಕೆ ಬೇಡ, ಬಚ್ಚಲು ತೊಳೆಯಿರಿ ಎಂದು ಹೇಳಿದೆ. ಅವರಲ್ಲಿ ಒಬ್ಬರೂ ನಾನು ಹೇಳಿದಂತೆ ಮಾಡಿರಲಿಲ್ಲ! ನನ್ನನ್ನು ನಂಬಿದವರು ನರಸಮ್ಮ ಒಬ್ಬರೇ ಎಂದು ತಿಳಿದಾಗ ಆದ ಸಂಕಟ ಹೇಳತೀರದು.

ಯುಗಾದಿ ಕಳೆದ ಸೋಮವಾರ ಜೆಸಿಬಿ ಬಂತು. ನಾನು ಮಧುಗಿರಿಯಿಂದ ತಲುಪುವಷ್ಟರಲ್ಲಿ ಚರಂಡಿ ಅಗೆದು ಬೇಲಿಯ ಮೂಲೆಗೆ ಬಂದು ನಿಂತಿತ್ತು. ಊರಿನ ಅರ್ಧ ಜನ ಅಲ್ಲೇ. ಲಕ್ಷ್ಮಿಯೂ ಇದ್ದಳು, ಸ್ಕೂಲಿನ ಬ್ಯಾಗು ಬೆನ್ನಿಗೆ ಹಾಕಿಕೊಂಡು ತನ್ನ ಗಿಡದ ಮುಂದೆ ನಿಂತಿದ್ದಳು. ಓ, ದೂರದಿಂದಲೇ ಕಂಡಿತು! ನಡುವಿನ ಗಿಡಗಳ ಗೆಣ್ಣುಗಳಲ್ಲಿ ಎಳೆಯ, ಹೊಳೆಯುವ, ಎಣ್ಣೆ ಸವರಿದಂಥ ಚಿಗುರು! ಬೈಕನ್ನು ನಿಲ್ಲಿಸಿದೆನೋ ಬೀಳಿಸಿದೆನೋ ನೆನಪಿಲ್ಲ. ಆದರೆ ಚಿಗುರಿದವು ಎಂಟೋ ಒಂಬತ್ತೋ ಅಷ್ಟೆ. ಉಳಿದವು ಇನ್ನೂ ಕಡ್ಡಿಗಳೇ.

"ಚಿಗುರಿದ್ದು ಇರ್ಲಿ, ಉಳಿದಿದ್ದು ಕೀಳನಾ" ಎಂದರು ಮೆಂಬರ್.

ನಾನು ಬಾಯಿ ತೆರೆಯುವ ಮೊದಲೇ ನರಸಮ್ಮ, ನನ್ನಿಂದ ಕಲಿತ ಪರೀಕ್ಷೆ ಹಿಡಿದು, ಮುಂದೆ ಬಂದರು. "ಉಗುರಲ್ಲಿ ಕೆರೆದು ನೋಡ್ರಿ ಮೆಂಬರ್ರೇ. ಒಳ್ಗೆ ಹಸ್ರಿದ್ರೆ ಬದ್ಕೈತೆ ಅಂತ ಅರ್ಥ. ನೀವೇ ನೋಡ್ರಿ. ಕಂದಾಗಿದ್ದು ಕಿತ್ತುಬುಡ್ರಿ, ನಾನು ಕೇಳಲ್ಲ."

ಓಬಳೇಶಪ್ಪ ಒಂದು ಕ್ಷಣ ನರಸಮ್ಮನನ್ನು ನೋಡಿ, ಬಗ್ಗಿ ಮೊದಲ ಕಡ್ಡಿ ಕೆರೆದರು. ಹಸಿರು. ಎರಡನೆಯದು ಹಸಿರು. ಮೂರನೆಯದು ಕಂದು; ಅವರೇ ಕೈ ಬೀಸಿ ಡ್ರೈವರಿಗೆ ತೋರಿಸಿದರು. ಮೂಟೆಯ ಹಣ್ಣನ್ನು ಒಂದೊಂದಾಗಿ ಬಿಡಿಸಿ ನೋಡುವ ಗಿರಾಕಿಯಂತೆ ಸಾಲಿನ ಕೊನೆಯವರೆಗೂ ಬಗ್ಗಿ ಬಗ್ಗಿ ಹೋದರು. ಡ್ರೈವರ್ ಎಂಜಿನ್ ಆರಿಸಿದ್ದ. ಕೊನೆಯ ಗಿಡ ಮುಟ್ಟಿ ಸೊಂಟ ನೀವಿಕೊಂಡು ನಿಂತಾಗ ಅವರ ಹೆಬ್ಬೆರಳಿನ ಉಗುರು ಪೂರ್ತಿ ಹಸಿರಾಗಿತ್ತು. ಏಳು ಹೋಗಿದ್ದವು, ಹತ್ತೊಂಬತ್ತು ಇದ್ದವು.

"ಆಯ್ತು ಟೀಚರಮ್ಮ. ಗೋಡೆ ಎರಡಡಿ ಆಚೆಗೆ ಹಾಕಿಸ್ತೀನಿ. ಗಿಡ ಒಳ್ಗೆ ಇರ್ಲಿ" ಎಂದು ಉಗುರನ್ನು ಪಂಚೆಗೆ ಒರೆಸಿಕೊಂಡರು.

ನರಸಮ್ಮ ಅತ್ತರು. ಲಕ್ಷ್ಮಿ ಕುಣಿದಳು. ನನ್ನ ಎದೆಯೊಳಗೆ ತಮಟೆ ಬಡಿದಂತಿತ್ತು! ಅಂಥ ಹೊತ್ತಿನಲ್ಲಿ ನನ್ನಂಥವನು ಸುಮ್ಮನಿರುವುದು ಹೇಗೆ? "ಇನ್ನು ನೋಡಮ್ಮ, ಒಂದು ವಾರ ಬಿಟ್ಟು ಕಡಲೆಕಾಯಿ ಹಿಂಡಿ ನೆನೆಹಾಕಿ ತಿಳಿನೀರು, ಆಮೇಲೆ ಸಗಣಿ ಗೊಬ್ಬರ, ಅದಕ್ಕೆ ಸ್ವಲ್ಪ..." ಎಂದು ಶುರು ಮಾಡಿದೆ.

ನರಸಮ್ಮ ಕೈ ಮುಗಿದರು. "ಅಣ್ಣಾ, ಒಂದು ತಿಂಗಳು ಏನೂ ಹೇಳ್ಬೇಡ್ರಿ. ಮಕ್ಳು ಸುಧಾರಿಸ್ಕಳ್ಳಲಿ."

ಜನ ಹೋ ಎಂದು ನಕ್ಕರು. ಕೋಪ ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಅವರು ಹೇಳಿದ್ದು ಸರಿಯಾದ ಚಿಕಿತ್ಸೆ. ಪೆಟ್ಟು ತಿಂದ ಬೇರಿಗೆ ಗೊಬ್ಬರ ಹಾಕಬಾರದು, ತಾನಾಗಿ ಚೇತರಿಸಿಕೊಳ್ಳಲು ಬಿಡಬೇಕು. ಅದನ್ನು ನಾನೇ ಹೇಳಬೇಕಿತ್ತು.

ಒಂದು ತಿಂಗಳು ನಾನು ಅಲ್ಲಿಗೆ ಹೋಗಲಿಲ್ಲ. ಫೋನನ್ನೂ ಮಾಡಲಿಲ್ಲ. ಎಷ್ಟು ಕಷ್ಟ ಎಂದರೆ, ಎರಡು ಸಲ ಗಿರಿಜಮ್ಮ ನನ್ನ ಕೈಯಿಂದ ಫೋನು ಕಿತ್ತು ಬೀರುವಿನ ಮೇಲೆ ಇಟ್ಟಳು. ತಿಂಗಳು ತುಂಬಿದ ಮಾರನೆಯ ಬೆಳಿಗ್ಗೆ ನರಸಮ್ಮನ ನಂಬರಿನಿಂದ ಒಂದು ಚಿತ್ರ ಬಂತು. ಕೆಂಪು ದಾಸವಾಳ, ಅಂಗೈ ಅಗಲ, ಇಬ್ಬನಿ ಇನ್ನೂ ಆರಿಲ್ಲ! ಕೂತಲ್ಲಿಂದ ಎದ್ದು ಹಿತ್ತಲಿಗೆ ಹೋಗಿ, ಮತ್ತೆ ಒಳಗೆ ಬಂದು, ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಹೂವಿನ ಕೆಳಗೆ, ಮೂಲೆಯಲ್ಲಿ, ಒಂದು ಎಲೆ ಹಳದಿ ಇತ್ತು.

ಕಾರಣ ಏನಿರಬಹುದು, ಏನು ಮಾಡಬೇಕು ಎಂದು ಮೂರು ಸಾಲು ಬರೆದೆ. ಕಳಿಸುವ ಮೊದಲು ಇನ್ನೊಮ್ಮೆ ಹೂ ನೋಡಿದೆ, ಎಲೆ ನೋಡಿದೆ. ಮೂರೂ ಸಾಲು ಅಳಿಸಿದೆ. ಬದುಕಿರುವ ಗಿಡ, ಒಂದು ಎಲೆ ಹಳದಿ ಮಾಡಿಕೊಳ್ಳುವ ಹಕ್ಕಾದರೂ ಅದಕ್ಕೆ ಬೇಡವೆ? 'ಹೂ ಬಹಳ ಚೆನ್ನಾಗಿದೆ' ಎಂದಷ್ಟೇ ಬರೆದು ಕಳಿಸಿದೆ.